ನಿಧಾನಕ್ಕೆ ಬರೋ ರಾಕ್ ಮಾತ್ರ ನನಗೆ ಬೇಕು: ನನ್ನ ಪಟ್ಟಿ ಇಲ್ಲಿದೆ, ಜಗಳಕ್ಕೆ ಬನ್ನಿ

ಸಪ್ತಾಪುರದ ಕಿವಿ

ಮೊದಲೇ ಹೇಳಿಬಿಡುತ್ತೇನೆ, ಇದು ರಾಕ್ ಸಂಗೀತದ ಪಾಠ ಅಲ್ಲ. ಮೂವತ್ತು ವರ್ಷ ಕೇಳಿದ ಮೇಲೆ ಕಿವಿಯಲ್ಲಿ ಏನು ಉಳಿದಿದೆಯೋ ಅದು, ಅಷ್ಟೇ. ಧಾರವಾಡದಲ್ಲಿ ಕೂತು ರಾಕ್ ಕೇಳುತ್ತೇನೆ ಅಂದರೆ ಇವತ್ತಿಗೂ ಮಂದಿ ಒಂದು ಥರ ನೋಡುತ್ತಾರೆ, ಮಲ್ಲಿಕಾರ್ಜುನ ಮನ್ಸೂರರು ಇದ್ದ ಊರಲ್ಲಿ ಈ ಗದ್ದಲ ಯಾಕಪ್ಪಾ ಅಂತ. ನನಗೆ ಎರಡೂ ಬೇಕು. ಎರಡರಲ್ಲೂ ನಾನು ಹುಡುಕುವುದು ಒಂದೇ. ಒಂದು ಸ್ವರ ಹಚ್ಚಿದ ಮೇಲೆ ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲುವ ಧೈರ್ಯ ಇದೆಯಾ ಇಲ್ವಾ?

ಅದಕ್ಕೇ ಪಿಂಕ್ ಫ್ಲಾಯ್ಡ್‌ನಲ್ಲಿ ನನ್ನ ಓಟು 1975ರ 'ವಿಶ್ ಯು ವರ್ ಹಿಯರ್'ಗೆ. 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'ಗೆ ಅಲ್ಲ. ಅದು 1973ರಲ್ಲಿ ಬಂತು, 1988ರವರೆಗೆ ಲೆಕ್ಕ ಹಾಕಿದರೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಕೂತಿತ್ತು, ಎಲ್ಲಾ ಖರೆ. ಆದರೆ ಅದು ಹಬ್ಬದ ಹಿಂದಿನ ದಿನದ ಪೇಟೆ ಇದ್ದ ಹಾಗೆ. ಒಂದು ಕಡೆ ಗಡಿಯಾರ ಬಡಿಯುತ್ತದೆ, ಇನ್ನೊಂದು ಕಡೆ ಗಲ್ಲಾಪೆಟ್ಟಿಗೆ ಸದ್ದು, ಎಲ್ಲಿ ತಿರುಗಿದರೂ ಏನೋ ಒಂದು ನಡೆದಿರುತ್ತದೆ. ವಿಶ್ ಯು ವರ್ ಹಿಯರ್ ಹಾಗಲ್ಲ. ಮೊದಲ ಹಾಡಲ್ಲಿ ಯಾರಾದರೂ ಬಾಯಿ ತೆರೆಯುವ ಹೊತ್ತಿಗೆ ಎಂಟು ನಿಮಿಷ ದಾಟಿರುತ್ತದೆ. ಅಲ್ಲಿಯವರೆಗೆ ಹಿಂದೆ ತಂಬೂರಿ ಹಿಡಿದ ಹಾಗೆ ಕೀಬೋರ್ಡಿನ ಶ್ರುತಿ, ಅದರ ಮೇಲೆ ಡೇವಿಡ್ ಗಿಲ್ಮೋರ್ ಗಿಟಾರ್. ಆಮೇಲೆ ಆ ನಾಲ್ಕು ಸ್ವರ. ಬಾರಿಸುತ್ತಾನೆ, ಬಿಡುತ್ತಾನೆ, ಅದು ಆರಿ ಹೋಗುವವರೆಗೆ ಕಾಯುತ್ತಾನೆ, ಮತ್ತೆ ಅದೇ ನಾಲ್ಕು. ಹಿಂದೂಸ್ತಾನಿಯಲ್ಲಿ ಕಿರಾಣಾ ಘರಾಣೆಯವರು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಷಡ್ಜ ಬಿಟ್ಟು ರಿಷಭಕ್ಕೆ ಹೋಗಲು ಎಷ್ಟು ಹೊತ್ತು ತಗೊಳ್ಳುತ್ತಾರೆ ನೋಡಿದ್ದೀರಲ್ಲ, ಹಾಗೆ.

ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬ ಸಿಡ್ ಬ್ಯಾರೆಟ್. ಮನಸ್ಸು ಹದ ತಪ್ಪಿ 1968ರಲ್ಲೇ ಬ್ಯಾಂಡಿನಿಂದ ಹೊರಗೆ ಹೋಗಿದ್ದ. ಅವನ ನೆನಪಲ್ಲಿ ಕಟ್ಟಿದ ಹಾಡು ಇದು. 1975ರ ಜೂನ್‌ನಲ್ಲಿ ರೆಕಾರ್ಡಿಂಗ್ ನಡೆದಾಗ ಅವನೇ ಸ್ಟುಡಿಯೋಕ್ಕೆ ಬಂದು ನಿಂತ. ದಪ್ಪ ಆಗಿದ್ದ, ತಲೆ, ಹುಬ್ಬು ಎಲ್ಲಾ ಬೋಳಿಸಿಕೊಂಡಿದ್ದ, ಜೊತೆಗೆ ಬಾರಿಸಿದ ಗೆಳೆಯರಿಗೇ ಮೊದಲು ಗುರುತು ಸಿಗಲಿಲ್ಲ. ಇದು ಗೊತ್ತಾದ ಮೇಲೆ ಆ ನಾಲ್ಕು ಸ್ವರ ಕೇಳುತ್ತಾ ಊಟ ಮಾಡುವುದನ್ನು ಬಿಟ್ಟಿದ್ದೇನೆ.

ಎರಡನೆಯದು ಬ್ಲ್ಯಾಕ್ ಸಬಾತ್. ಲೆಡ್ ಜೆಪ್ಲಿನ್‌ಗಿಂತ ಮೇಲೆ ಇಡುತ್ತೇನೆ, ಬೈಯುವವರು ಬೈಯಿರಿ. 1970ರ ಮೊದಲ ಆಲ್ಬಂ, ಅದೇ ವರ್ಷದ 'ಪ್ಯಾರನಾಯ್ಡ್', 1971ರ 'ಮಾಸ್ಟರ್ ಆಫ್ ರಿಯಾಲಿಟಿ'. ಈ ಮೂರು ನನ್ನ ಹತ್ತಿರ ಇದ್ದರೆ ಉಳಿದದ್ದನ್ನು ನೀವು ಇಟ್ಟುಕೊಳ್ಳಿ. ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೇಳು ವರ್ಷದ ಹುಡುಗ. ಅಲ್ಲಿ ಕೆಲಸದ ಕೊನೇ ದಿನ ಮಷೀನಿಗೆ ಸಿಕ್ಕು ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಮಾಸ್ಟರ್ ಆಫ್ ರಿಯಾಲಿಟಿಯಲ್ಲಿ ತಂತಿಯನ್ನೇ ಸಡಿಲ ಮಾಡಿ ಶ್ರುತಿಯನ್ನು ಮೂರು ಮನೆ, ಅಂದರೆ ಹಾರ್ಮೋನಿಯಂನ ಮೂರು ಕೀ ಅಷ್ಟು, ಕೆಳಗೆ ಇಳಿಸಿದ. ಆಮೇಲೆ ಬಂದ ಹೆವಿ ಮೆಟಲ್‌ನವರು ಅರ್ಧ ಜನ ಬದುಕಿದ್ದು ಆ ಸಡಿಲ ತಂತಿಯ ಮೇಲೆ.

ಅವರ ಮೊದಲ ಆಲ್ಬಂನ ಮೊದಲ ಹಾಡು ಕೇಳಿ. ಮಳೆ, ದೂರದಲ್ಲಿ ಗಂಟೆ, ಆಮೇಲೆ ಮೂರೇ ಸ್ವರ. ಕೆಳಗಿನ ಸ, ಮೇಲಿನ ಸ, ಅಲ್ಲಿಂದ ಇಳಿದು ತೀವ್ರ ಮ. ಯುರೋಪಿನವರು ಈ ಅಂತರಕ್ಕೆ ಸೈತಾನನ ಹೆಸರು ಕಟ್ಟಿದ್ದರು. ನಮ್ಮಲ್ಲಿ ತೀವ್ರ ಮಧ್ಯಮ ಅಂದರೆ ಎಂಟು ವರ್ಷದ ಹುಡುಗಿ ಎರಡು ಜಡೆ ಹಾಕಿಕೊಂಡು ಕ್ಲಾಸಿನಲ್ಲಿ ಯಮನ್ ರಾಗ ಕಲಿಯುವಾಗ ಹಾಡುವ ಸ್ವರ!

ಉಳಿದದ್ದು ಬೇಗ ಮುಗಿಸುತ್ತೇನೆ. ಸೆಕೆಂಡಿಗೆ ಎಷ್ಟು ಸ್ವರ ಅಂತ ಎಣಿಸಿ ಬಾರಿಸುವ ಗಿಟಾರಿನವರನ್ನು ಕಂಡರೆ ನನಗೆ ಜಾತ್ರೆಯಲ್ಲಿ ಸಾವಿನ ಬಾವಿಯೊಳಗೆ ಮೋಟಾರ್‌ಸೈಕಲ್ ಓಡಿಸುವವರು ನೆನಪಾಗುತ್ತಾರೆ. ಹತ್ತು ನಿಮಿಷ ಬೆರಗು, ಆಮೇಲೆ ಕತ್ತು ನೋವು. ಎಸಿಡಿಸಿ ಎಲ್ಲಾ ಆಲ್ಬಂ ಒಂದೇ ಥರ ಅಂತ ಬೈಯುತ್ತಾರೆ. ಹೌದು, ಒಂದೇ ಥರ. ದುರ್ಗದ ಬೈಲಿನಲ್ಲಿ ಮಿರ್ಚಿ ಕರಿಯುವವನ ಮುಂದೆ ನಿಂತು ಇವತ್ತು ಏನು ಹೊಸದು ಅಂತ ಕೇಳುತ್ತೀರಾ? 1980ರ ಫೆಬ್ರವರಿಯಲ್ಲಿ ಅವರ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ, ಜುಲೈ ಹೊತ್ತಿಗೆ ಹೊಸ ಹಾಡುಗಾರನನ್ನು ನಿಲ್ಲಿಸಿ 'ಬ್ಯಾಕ್ ಇನ್ ಬ್ಲ್ಯಾಕ್' ತಂದೇಬಿಟ್ಟರು, ಒಂದು ಸ್ವರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕ್ವೀನ್ ನನಗೆ ಮದುವೆ ಊಟ. ಎಲೆ ತುಂಬಾ ಬಡಿಸುತ್ತಾರೆ, ಎಲ್ಲಾ ರುಚಿ, ಕೈ ತೊಳೆದ ಮೇಲೆ ಏನು ತಿಂದೆ ಅಂತ ನೆನಪಿರಲ್ಲ. ರೇಡಿಯೋಹೆಡ್‌ನ 'ಕಿಡ್ ಎ' ಮೂರು ಸಲ ಶುರು ಮಾಡಿದೆ, ಮೂರೂ ಸಲ ನಡುವೆ ಎದ್ದು ಚಹಾ ಮಾಡಲು ಹೋದೆ.

ಈಗ ನಿಮ್ಮ ಸರದಿ.

ಉಣಕಲ್ ದಂಡೆ

ಜೆಪ್ಲಿನ್‌ಗಿಂತ ಸಬಾತ್ ಮೇಲೆ ಅಂದವರ ಜೊತೆ ನಾನು ಒಂದೇ ಬಸ್ಸಿನಲ್ಲೂ ಕೂರುವುದಿಲ್ಲ. ಆದರೂ ಉತ್ತರ ಕೊಡುತ್ತೇನೆ, ಯಾಕಂದರೆ ಫ್ಲಾಯ್ಡ್ ಬಗ್ಗೆ ಬರೆದದ್ದು ಚೆನ್ನಾಗಿದೆ.

ನಿಮಗೆ ನಿಧಾನ ಬೇಕು ತಾನೆ? 1971ರ ಜೆಪ್ಲಿನ್ ನಾಲ್ಕನೇ ಆಲ್ಬಂ ತಗೊಳ್ಳಿ, ಕೊನೇ ಹಾಡು 'ವೆನ್ ದ ಲೆವೀ ಬ್ರೇಕ್ಸ್'. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ದೊಡ್ಡ ಮನೆ. ಮೆಟ್ಟಿಲಿನ ಬುಡದಲ್ಲಿ ಜಾನ್ ಬಾನಮ್‌ನ ಡ್ರಮ್ ಇಟ್ಟರು. ಮೈಕ್ ಡ್ರಮ್ಮಿನ ಹತ್ತಿರ ಇಡಲಿಲ್ಲ, ಮೇಲಿನ ಅಂತಸ್ತಿನಿಂದ ಕೆಳಗೆ ಇಳಿಬಿಟ್ಟರು. ಅಂದರೆ ನಾವು ಕೇಳುವುದು ಬರೀ ಡ್ರಮ್ ಅಲ್ಲ, ಆ ಮನೆಯ ಗೋಡೆ, ಮೆಟ್ಟಿಲು ಎಲ್ಲಾ ಸೇರಿ. ನಮ್ಮ ಅಜ್ಜನ ವಾಡೆಯಲ್ಲಿ ಹಿತ್ತಲಿನ ಬಾಗಿಲು ಗಾಳಿಗೆ ಬಡಿದುಕೊಂಡರೆ ಇಡೀ ಮನೆ ಗುಂಯ್ ಅನ್ನುತ್ತಿತ್ತು. ಅದೇ ಸದ್ದು. ಸಬಾತ್‌ನಲ್ಲಿ ಗಿಟಾರ್ ಭಾರ, ಒಪ್ಪಿದೆ. ಇಲ್ಲಿ ಮನೆಯೇ ಭಾರ.

ಕ್ವೀನ್ ಮದುವೆ ಊಟ ಅಂದಿರಿ, ಅದಕ್ಕೆ ಮಾತ್ರ ಬಿಡುವುದಿಲ್ಲ. ಫ್ರೆಡ್ಡಿ ಮರ್ಕ್ಯುರಿ ಸಣ್ಣವನಿದ್ದಾಗ ಓದಿದ್ದು ಪಂಚಗಣಿಯಲ್ಲಿ, ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲಿನ ಬೋರ್ಡಿಂಗ್ ಶಾಲೆಯಲ್ಲೇ. ಹುಬ್ಬಳ್ಳಿಯಿಂದ ಪುಣೆ ಬಸ್ ಹತ್ತಿದರೆ ಆ ಗುಡ್ಡಗಳ ಪಕ್ಕದಲ್ಲೇ ಹೋಗುತ್ತದೆ. ಒಂದು ಲೆಕ್ಕದಲ್ಲಿ ನಮ್ಮ ಕಡೆಯ ಹುಡುಗ. ಮನೆಯವರನ್ನು ಹೀಗೆ ಬೈಯಬಾರದು.

ಗದಗ ತಬಲಾ

ಎರಡು ತಿದ್ದುಪಡಿ ಇದೆ, ಸಿಟ್ಟಾಗಬೇಡಿ.

ಒಂದು. ಮನ್ಸೂರ್ ಅವರ ಹೆಸರು ಹೇಳಿ ಶುರು ಮಾಡಿ ಕಿರಾಣಾದ ವಿಲಂಬಿತಕ್ಕೆ ಜಿಗಿದಿರಿ. ಅವರದು ಜೈಪುರ-ಅತ್ರೌಲಿ ಘರಾಣೆ. ಲಯ ಅಷ್ಟು ನಿಧಾನ ಇರುವುದಿಲ್ಲ, ತಾಳದ ಒಂದು ಆವರ್ತದಲ್ಲಿ ಎಷ್ಟೊಂದು ಸುತ್ತು ಹಾಕಿ ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ, ಬಂದು ಕೂರುತ್ತಾರೆ ಅಂದರೆ ತಬಲಾ ಹಿಡಿದವನ ಎದೆ ಬಡಿದುಕೊಳ್ಳುತ್ತದೆ. ನಿಮಗೆ ಬೇಕಾದದ್ದು ಕಿರಾಣಾದ ಸವಾಯಿ ಗಂಧರ್ವರ ಶಿಷ್ಯರು, ಅಂದರೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಭೀಮಸೇನರು ನಮ್ಮ ರೋಣದಲ್ಲಿ ಹುಟ್ಟಿದವರು ಅಂತ ಸುಮ್ನೆ ಸೇರಿಸುತ್ತಿದ್ದೇನೆ.

ಎರಡು. ತೀವ್ರ ಮಧ್ಯಮ ಎಲ್ಲಿದೆ ಅನ್ನುವುದಷ್ಟೇ ಅಲ್ಲ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಯಮನ್‌ನಲ್ಲಿ ಆ ಸ್ವರ ಪಂಚಮದ ಹೆಗಲಿಗೆ ಒರಗುತ್ತದೆ, ಅದಕ್ಕೇ ಸಿಹಿ. ಸಬಾತ್‌ನವರು ಅದನ್ನು ಅಲ್ಲೇ ನೇತಾಡಲು ಬಿಡುತ್ತಾರೆ. ಹೋಲಿಸಲೇಬೇಕು ಅಂದರೆ ಮಾರವಾ ರಾಗ ತಗೊಳ್ಳಿ, ಅಲ್ಲಿ ಪಂಚಮವೇ ಇಲ್ಲ. ಸಂಜೆ ದೀಪ ಹಚ್ಚುವ ಮುಂಚಿನ ಹೊತ್ತು, ಮನಸ್ಸಿಗೆ ಏನೋ ಒಂಥರಾ ಕಸಿವಿಸಿ. ಬರ್ಮಿಂಗ್‌ಹ್ಯಾಮ್‌ನವರ ಹೆದರಿಕೆ ನಮ್ಮಲ್ಲೂ ಇದೆ, ಆದರೆ ಯಮನ್‌ನಲ್ಲಿ ಇಲ್ಲ.

ಜೆಪ್ಲಿನ್ ಬಗ್ಗೆ ಉಣಕಲ್‌ನವರು ಮುಖ್ಯವಾದದ್ದನ್ನೇ ಬಿಟ್ಟರು. 1975ರ 'ಕಾಶ್ಮೀರ್' ಹಾಡು. ಗಿಟಾರ್ ಮೂರರ ಲೆಕ್ಕದಲ್ಲಿ ಹೋಗುತ್ತದೆ, ಡ್ರಮ್ ನಾಲ್ಕರ ಲೆಕ್ಕದಲ್ಲಿ. ಇಬ್ಬರೂ ತಮ್ಮ ಪಾಡಿಗೆ ತಾವು ನಡೆದು ಹನ್ನೆರಡಕ್ಕೆ ಒಮ್ಮೆ ಭೇಟಿಯಾಗುತ್ತಾರೆ. ಹನ್ನೆರಡು ಮಾತ್ರೆ ಅಂದರೆ ನಮಗೆ ಏಕತಾಲ. ನಾನು ಮೊದಲ ಸಲ ಕೇಳಿದ್ದು ಹಾಸ್ಟೆಲ್‌ನಲ್ಲಿ, ಪಕ್ಕದ ರೂಮಿನವನು ಹಾಕಿದ್ದ. ಇಂಗ್ಲಿಷ್ ಒಂದು ಅಕ್ಷರ ತಿಳಿಯಲಿಲ್ಲ, ಬೆರಳಲ್ಲಿ ಮಾತ್ರೆ ಎಣಿಸುತ್ತಾ ಕೂತೆ, ಸಮ್ ಬಂದಾಗ ತೊಡೆ ತಟ್ಟಿದೆ. ರೂಮಿನವನು ನಿನಗೆ ಹುಚ್ಚು ಅಂದ. ಮಾರನೇ ದಿನದಿಂದ ಅವನೂ ತಟ್ಟುತ್ತಿದ್ದ.

ವಿದ್ಯಾನಗರ ಬೇಸ್

ಗಿಟಾರ್, ಡ್ರಮ್ ಬಿಟ್ಟು ಬೇಸ್ ಅಂತ ಒಂದು ವಾದ್ಯ ಇದೆ ಅನ್ನುವುದು ಈ ಚರ್ಚೆಯಲ್ಲಿ ಯಾರಿಗೂ ನೆನಪಿಲ್ಲ. ಅಭ್ಯಾಸ ಆಗಿದೆ ಬಿಡಿ.

ಬೇಸ್ ಬಾರಿಸುವವರಿಗೆ ಆದ ಅನ್ಯಾಯದ ದೊಡ್ಡ ಸಾಕ್ಷಿ ಮೆಟಾಲಿಕಾದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'. 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಉರುಳಿ ಕ್ಲಿಫ್ ಬರ್ಟನ್ ತೀರಿಕೊಂಡ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. ಇಡೀ ಆಲ್ಬಂ ಬಾರಿಸಿದ. ಮಿಕ್ಸ್ ಆಗಿ ಬಂದಾಗ ಅವನ ಬೇಸ್ ಕೇಳಿಸುವುದೇ ಇಲ್ಲ! ಹೆಡ್‌ಫೋನ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಉಸಿರು ಹಿಡಿದು ಕೇಳಿ ನೋಡಿ. ಹೊಸ ಸೊಸೆ ದಿನವಿಡೀ ಅಡಿಗೆ ಮಾಡಿದ್ದಾಳೆ, ಊಟಕ್ಕೆ ಕೂತವರು ಯಾರೂ ಅವಳ ಹೆಸರೇ ಎತ್ತುವುದಿಲ್ಲ, ಹಾಗೆ. ಆದರೂ ಹಾಡುಗಳ ಲೆಕ್ಕದಲ್ಲಿ ನನಗೆ 1991ರ ಕಪ್ಪು ಆಲ್ಬಂಗಿಂತ ಇದೇ ಮೇಲು. ಎಷ್ಟು ಸಿಟ್ಟು ಬಂದರೂ ಮೇಲು.

2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಿತ್ತು. ನಾವು ನಾಲ್ಕು ಜನ ಹಿಂದಿನ ರಾತ್ರಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಒಬ್ಬನ ಮನೆಯಲ್ಲಿ ಕಸಿನ್ ಮದುವೆ ಅಂತ ಹೇಳಿದ್ದ. ಅವತ್ತು ಮೊದಲ ಸಲ ಬೇಸ್ ಅನ್ನುವುದು ಕಿವಿಗೆ ಬರುವುದಲ್ಲ, ಪಕ್ಕೆಲುಬಿಗೆ ಬರುವುದು ಅಂತ ತಿಳಿಯಿತು. ಅಂಗಿ ಅಲುಗುತ್ತಿತ್ತು, ಗಾಳಿ ಇರಲಿಲ್ಲ.

ನಮ್ಮದೇ ಬ್ಯಾಂಡ್ ಕಥೆ ಕೇಳಿದರೆ ನಗುತ್ತೀರಿ. ಒಂದು ಕಾಲೇಜು, ಹೆಸರು ಬೇಡ, ವಾರ್ಷಿಕೋತ್ಸವಕ್ಕೆ ಬಾರಿಸಲು ಕರೆದರು. ಬೇಸ್‌ಗೆ ಬೇರೆ ಆ್ಯಂಪ್ ಬೇಕು ಅಂದೆ. ಆಯಿತು ಸರ್ ಅಂದರು. ಹೋಗಿ ನೋಡಿದರೆ ಭಾಷಣದ ಮೈಕಿಗೆ ಇಡುವ ಬಾಯಿ ಅಗಲ ಇರುವ ಹಾರ್ನ್, ಗಣಪತಿ ಪೆಂಡಾಲಿಗೆ ಕಟ್ಟುತ್ತಾರಲ್ಲ, ಅದು. ಅದರಲ್ಲಿ ಬೇಸ್ ಹಾಕಿದರೆ ಕೊಡದಲ್ಲಿ ಬಿದ್ದ ದುಂಬಿ ಥರ ಬಂತು. ಎರಡನೇ ಹಾಡಿಗೆ ಕರೆಂಟು ಹೋಯಿತು. ಡ್ರಮ್ಮರ್ ನಿಲ್ಲಿಸಲಿಲ್ಲ, ಕತ್ತಲಲ್ಲೇ ಹೊಡೆಯುತ್ತಾ ಹೋದ, ಜನ ಚಪ್ಪಾಳೆ ಹಿಡಿದರು. ನಮ್ಮ ಬ್ಯಾಂಡಿಗೆ ಸಿಕ್ಕ ದೊಡ್ಡ ಚಪ್ಪಾಳೆ ಅದೇ, ನಾನು ಏನೂ ಬಾರಿಸದೇ ಇದ್ದಾಗ.

ಹಾವೇರಿ ಏಲಕ್ಕಿ

ಅಣ್ಣಂದಿರಾ, ಇಷ್ಟು ಹೊತ್ತು ತಂತಿ, ಚರ್ಮ, ಮೆಟ್ಟಿಲು ಎಲ್ಲಾ ಬಂತು. ಹಾಡಿನ ಮಾತು ಯಾರಿಗೂ ಬೇಡವಾ?

ನಮ್ಮ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದವರು ಶರೀಫಜ್ಜ. ಅವರ 'ಗುಡುಗುಡಿಯಾ ಸೇದಿ ನೋಡೋ' ಪದವನ್ನು ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಗಿಟಾರ್, ಡ್ರಮ್ ಹಾಕಿ ಹಾಡಿದಾಗ ನಮ್ಮ ಊರಲ್ಲಿ ಎರಡು ಪಕ್ಷ ಆಯಿತು. ನಮ್ಮ ಕಾಕಾ ಭಜನಾ ಮೇಳದಲ್ಲಿ ತಾಳ ಹಿಡಿಯುವವರು. ಇದೇನು ಅವಸರ, ಹುಕ್ಕಾ ಸೇದುವವನು ಓಡುತ್ತಾ ಸೇದುತ್ತಾನಾ ಅಂದರು. ನನಗೆ ಇಷ್ಟ ಆಯಿತು. ಕಾಲೇಜು ಹುಡುಗರು ಶರೀಫರ ಸಾಲು ಬಾಯಿಪಾಠ ಹೇಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಕಾಕಾ ಹೇಳಿದ್ದೂ ತಲೆಯಲ್ಲಿ ಉಳಿಯಿತು. ಭಜನೆಯಲ್ಲಿ ಆ ಪದ ಮೊದಲು ನಿಧಾನ ಇರುತ್ತದೆ, ರಾತ್ರಿ ಏರಿದ ಹಾಗೆ ತಾಳ ಏರುತ್ತದೆ, ಕೊನೆಗೆ ಎಲ್ಲರ ಮೈ ಬೆವರುತ್ತದೆ. ರೆಕಾರ್ಡಿನಲ್ಲಿ ಐದು ನಿಮಿಷದಲ್ಲಿ ಅದು ಹೇಗೆ ಬರಬೇಕು?

ಇನ್ನು ಪಟ್ಟಿ. ನಿರ್ವಾಣದ ಹೆಸರೇ ಇಲ್ಲ. 1991ರ 'ನೆವರ್‌ಮೈಂಡ್' ಬೇಡ ಅಂದರೆ ಬೇಡ, 1993ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಎಂಟಿವಿಗೆ ಕೂತು ಹಾಡಿದರಲ್ಲ, ಆ ರೆಕಾರ್ಡ್ ಕೇಳಿ. ಅದು ಆಲ್ಬಂ ಆಗಿ ಬಂದಾಗ ಕರ್ಟ್ ಕೊಬೇನ್ ಬದುಕಿರಲಿಲ್ಲ. ಕೊನೇ ಹಾಡಿನ ಕೊನೇ ಸಾಲಿನ ಹತ್ತಿರ ಒಂದು ಕಡೆ ದನಿ ಒಡೆದು ನಿಲ್ಲುತ್ತಾನೆ. ಒಂದು ಉಸಿರು. ಆಮೇಲೆ ಮುಗಿಸುತ್ತಾನೆ. ನಾನು ಅದನ್ನು ಬೆಳಿಗ್ಗೆ ಹೊತ್ತು ಕೇಳುವುದಿಲ್ಲ, ಕೆಲಸ ಕೆಡುತ್ತದೆ.

ಸಪ್ತಾಪುರದ ಅಣ್ಣಾ, ಒಂದು ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ ಒಳ್ಳೆಯದೆಲ್ಲಾ ನಿಧಾನ, ಕೆಟ್ಟದ್ದೆಲ್ಲಾ ಜೋರು. ಈ ನಿಧಾನದ ರೋಗ ಎಲ್ಲಿ ಹತ್ತಿತು? ಖರೆ ಹೇಳಿ.

ಸಪ್ತಾಪುರದ ಕಿವಿ

ಅಕ್ಕಾ, ಸಿಕ್ಕಿಹಾಕಿಕೊಂಡೆ. ಹೇಳುತ್ತೇನೆ, ನಗಬಾರದು.

1996. ನಾನು ಪಿಯುಸಿ. ಮನೆಯಲ್ಲಿ ಒಂದು ಎರಡು ಡೆಕ್ಕಿನ ಟೇಪ್‌ರೆಕಾರ್ಡರ್, ಅಪ್ಪ ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ತಂದದ್ದು. ಗೆಳೆಯನ ಅಣ್ಣ ಬೆಂಗಳೂರಿನಿಂದ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ತುಂಬಿಸಿ ಕಳಿಸಿದ್ದ. ಎ ಸೈಡಿನಲ್ಲಿ ವಿಶ್ ಯು ವರ್ ಹಿಯರ್, ಬಿ ಸೈಡಿನಲ್ಲಿ ಮಾಸ್ಟರ್ ಆಫ್ ರಿಯಾಲಿಟಿ. ಎರಡು ವರ್ಷ ಬೇರೆ ರಾಕ್ ಕ್ಯಾಸೆಟ್ ನನ್ನ ಹತ್ತಿರ ಇರಲೇ ಇಲ್ಲ. ಫ್ಲಾಯ್ಡ್‌ನ ಆ ಟೈಟಲ್ ಹಾಡು ಶುರುವಾಗುವುದೇ ಯಾರೋ ರೇಡಿಯೋ ಸ್ಟೇಷನ್ ತಿರುಗಿಸಿದ ಹಾಗೆ, ಆಮೇಲೆ ಗಿಟಾರ್ ಕೂಡ ಹಳೇ ರೇಡಿಯೋದೊಳಗಿನಿಂದ ಬಂದ ಹಾಗೆ ಬರುತ್ತದೆ. ಮೊದಲ ಸಲ ಹಾಕಿದಾಗ ಅಪ್ಪ ಒಳಗಿನಿಂದ ಎದ್ದು ಬಂದು, ಧಾರವಾಡ ಆಕಾಶವಾಣಿ ಸರಿಯಾಗಿ ಹಿಡಿದಿಲ್ಲ ಅಂತ ಟ್ಯೂನಿಂಗ್ ಗುಂಡಿ ತಿರುವಿಬಿಟ್ಟರು. ನಾನು ಕ್ಯಾಸೆಟ್ಟು ಅಪ್ಪಾ ಅಂದರೂ ನಂಬಲಿಲ್ಲ.

ಗಿಟಾರ್ ತಗೊಂಡ ಮೇಲೆ ಆ ಕ್ಯಾಸೆಟ್ ಹಾಕಿಕೊಂಡೇ ಕಲಿತೆ. ಕ್ಯಾಸೆಟ್ಟಿನ ಶ್ರುತಿಗೆ ತಂತಿ ಸೇರಿಸುವುದು, ಬಾರಿಸುವುದು. ಒಮ್ಮೆ ಗೆಳೆಯರ ಜೊತೆ ಕೂತರೆ ನನ್ನ ಗಿಟಾರ್ ಒಬ್ಬರಿಗೂ ಹೊಂದುತ್ತಿಲ್ಲ. ನೀವೆಲ್ಲಾ ತಪ್ಪು ಅಂದೆ. ಆ ವಯಸ್ಸು.

ಗುಟ್ಟು ಬಯಲಾದದ್ದು ಗಂಗೂಬಾಯಿ ಹಾನಗಲ್ ಅವರ ಕ್ಯಾಸೆಟ್ಟಿನಿಂದ. ಅವ್ವ ದಿನಾ ಬೆಳಿಗ್ಗೆ ಅದೇ ಟೇಪ್‌ರೆಕಾರ್ಡರ್‌ನಲ್ಲಿ ಅದನ್ನು ಹಾಕುತ್ತಿದ್ದಳು. ಅವರ ದನಿ ಮೊದಲೇ ಎಷ್ಟು ಗಂಭೀರ ಗೊತ್ತಲ್ಲ, ಇನ್ನೊಂದು ಮನೆ ಕೆಳಗೆ ಹೋದರೆ ಯಾರಿಗೆ ತಿಳಿಯಬೇಕು? ಚಿಗವ್ವ ಹಾರ್ಮೋನಿಯಂ ಕಲಿಸುತ್ತಾಳೆ. ಒಂದು ದಿನ ಬಂದವಳು ಕ್ಯಾಸೆಟ್ ಜೊತೆಗೇ ಬಾರಿಸಲು ಕೂತಳು. ಒಂದು ಮನೆ ಒತ್ತಿದಳು, ಮುಖ ಕಿವುಚಿದಳು, ಪಕ್ಕದ ಮನೆ ಒತ್ತಿದಳು, ಮತ್ತೆ ಕಿವುಚಿದಳು. ಕೊನೆಗೆ ಪೆಟ್ಟಿಗೆ ಮುಚ್ಚಿ, ಅಕ್ಕಾ, ನಿಮ್ಮ ಮನೆಯಲ್ಲಿ ಗಂಗೂಬಾಯಿಯವರಿಗೆ ನೆಗಡಿ ಆಗಿದೆ ಅಂದಳು.

ಬೆಲ್ಟ್ ಲೂಸ್. ರಿಪೇರಿಯವನು ತೆಗೆದು ತೋರಿಸಿದ, ಹಳೇ ಲಾಡಿ ಥರ ಜೋತು ಬಿದ್ದಿತ್ತು. ಹೊಸದು ಹಾಕಿಕೊಂಡು ಬಂದು ಫ್ಲಾಯ್ಡ್ ಹಚ್ಚಿದೆ. ಯಾರೋ ಗಿಲ್ಮೋರ್‌ನ ಹಿಂದೆ ನಾಯಿ ಬಿಟ್ಟ ಹಾಗೆ ಓಡುತ್ತಿದ್ದ! ಇವತ್ತಿಗೂ ನನ್ನ ಕಿವಿಗೆ ಖರೆ ಆಲ್ಬಂ ಅಂದರೆ ಆ ಮೊದಲಿನದು.

ಉಣಕಲ್ ದಂಡೆ

ಅಯ್ಯೋ ದೇವರೇ. ಅಂದರೆ ಮೂವತ್ತು ವರ್ಷದ ಅಭಿರುಚಿ, ಕಿರಾಣಾ ಘರಾಣೆ, ಸ್ವರದ ಮೇಲೆ ನಿಲ್ಲುವ ಧೈರ್ಯ, ಎಲ್ಲಾ ಒಂದು ರಬ್ಬರ್ ಬೆಲ್ಟಿನ ಪ್ರಸಾದ! ಜೆಪ್ಲಿನ್ ಕ್ಯಾಸೆಟ್ ಸಿಕ್ಕಿದ್ದರೆ ಇವತ್ತು ನೀವು ನಮ್ಮ ಪಕ್ಷ.

ರಿಪೇರಿ ಕಾಕಾ

ತಮ್ಮಾ, ನಗಬೇಡ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಟೇಪ್‌ರೆಕಾರ್ಡರ್ ಬಿಚ್ಚಿದವನು ನಾನು. ಇಂಗ್ಲಿಷ್ ಹಾಡು ಕೇಳುವ ಚಟ ಗಿರಾಕಿಗಳ ಕ್ಯಾಸೆಟ್ಟಿನಿಂದಲೇ ಹತ್ತಿದ್ದು, ರಿಪೇರಿ ಆಯಿತೋ ಇಲ್ಲವೋ ನೋಡಲು ಏನಾದರೂ ಹಾಕಲೇಬೇಕಲ್ಲ.

ಒಂದು ಮನೆ ಇಳಿಯಬೇಕು ಅಂದರೆ ಟೇಪ್ ನೂರಕ್ಕೆ ಸುಮಾರು ಆರರಷ್ಟು ನಿಧಾನ ಓಡಬೇಕು. ಸಪ್ತಾಪುರದವರ 44 ನಿಮಿಷದ ಆಲ್ಬಂ ಮುಗಿಯಲು 47 ನಿಮಿಷ ಹಿಡಿದಿರಬೇಕು. ಬೆಲ್ಟ್ ಸಡಿಲ ಆದರೆ ಬರೀ ನಿಧಾನ ಆಗುವುದಿಲ್ಲ, ದನಿ ಸಣ್ಣಗೆ ಅಲುಗುತ್ತದೆ ಕೂಡ. ಉದ್ದ ಸ್ವರದಲ್ಲಿ ಅದು ಎದ್ದು ಕಾಣುತ್ತದೆ. ಗಿಲ್ಮೋರ್‌ನ ಉದ್ದ ಸ್ವರಕ್ಕೆ ನಿಮ್ಮ ಮಷೀನು ತನ್ನದೇ ಆಂದೋಲನ ಸೇರಿಸಿ ಕೊಟ್ಟಿದೆ. ಮೋಟಾರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಒಳಗೆ ಸ್ಕ್ರೂ. ಅದನ್ನು ಕೂದಲಿನಷ್ಟು ತಿರುಗಿಸಿದರೆ ವೇಗ ಹೆಚ್ಚು ಕಡಿಮೆ. ಎಷ್ಟೋ ಮಂದಿ ಮನೆಯಲ್ಲಿ ತಾವೇ ತಿರುವಿ, ಪೂರ್ತಿ ಹಾಳು ಮಾಡಿಕೊಂಡು ನನ್ನ ಹತ್ತಿರ ತರುತ್ತಿದ್ದರು.

ಈಗ ಉಣಕಲ್‌ನವರಿಗೆ. ನೀವು ಹೊಗಳಿದ ಆ ಮೆಟ್ಟಿಲಿನ ಹಾಡು ಇದೆಯಲ್ಲ, ಅದನ್ನೂ ಟೇಪ್ ನಿಧಾನ ಮಾಡಿಯೇ ಆ ಭಾರ ತಂದದ್ದು. ಮೌತ್ ಆರ್ಗನ್ ಕೆಸರಲ್ಲಿ ಎಳೆದ ಹಾಗೆ ಬರುವುದು ಅದಕ್ಕೇ. ಬೀಟಲ್ಸ್‌ನವರು 1966ರಲ್ಲಿ 'ರೇನ್' ಅಂತ ಹಾಡು ಮಾಡಿದರು. ವಾದ್ಯ ಎಲ್ಲಾ ಜೋರಾಗಿ ಬಾರಿಸಿ ರೆಕಾರ್ಡ್ ಮಾಡಿ, ಆಮೇಲೆ ಟೇಪ್ ಇಳಿಸಿದರು. 'ಸ್ಟ್ರಾಬೆರಿ ಫೀಲ್ಡ್ಸ್' ಹಾಡಿನಲ್ಲಿ ಬೇರೆ ಬೇರೆ ಶ್ರುತಿಯ ಎರಡು ರೆಕಾರ್ಡಿಂಗ್ ಇತ್ತು. ಒಂದನ್ನು ಏರಿಸಿ, ಒಂದನ್ನು ಇಳಿಸಿ, ನಡುವೆ ಕತ್ತರಿಸಿ ಅಂಟಿಸಿದರು. ಒಂದು ನಿಮಿಷದ ಹತ್ತಿರ ಜೋಡಣೆ ಇದೆ, ಕಿವಿ ಇದ್ದವರಿಗೆ ಸಿಗುತ್ತದೆ.

ಇದು ರಾಕ್ ಅಲ್ಲ, ಆದರೂ ಹೇಳುತ್ತೇನೆ. 1959ರಲ್ಲಿ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಅಂತ ಜಾಝ್ ಆಲ್ಬಂ ಬಂತು. ರೆಕಾರ್ಡ್ ಮಾಡಿದ ಮಷೀನು ಸ್ವಲ್ಪ ನಿಧಾನ ಓಡಿತ್ತು, ಹಾಗಾಗಿ ಒಂದು ಸೈಡಿನ ಮೂರು ಹಾಡು ಎಲ್ಲರ ಮನೆಯಲ್ಲೂ ಶ್ರುತಿ ಏರಿಸಿಕೊಂಡು ಕೂತವು. ಸರಿಮಾಡಿ ಬಿಡುಗಡೆ ಮಾಡಿದ್ದು 1992ರಲ್ಲಿ. ಅಲ್ಲಿಯವರೆಗೆ ಜಗತ್ತೆಲ್ಲಾ ತಪ್ಪು ಶ್ರುತಿಯದನ್ನೇ ಕೇಳಿ ತಲೆದೂಗಿತ್ತು. ಸಪ್ತಾಪುರದಲ್ಲಿ ಒಂದು ಬೆಲ್ಟ್ ಲೂಸ್ ಆದರೆ ಏನಾಯಿತು ಈಗ?

ಗದಗ ತಬಲಾ

ಕಾಕಾ, ಪಾದ ಎಲ್ಲಿದೆ ತೋರಿಸಿ.

ಲೈನ್ ಬಜಾರ್ ಹುಡುಗ

ನಾನು ಕ್ಯಾಸೆಟ್ ಕೈಯಲ್ಲಿ ಹಿಡಿದದ್ದೇ ಇಲ್ಲ, ಹೀಗಾಗಿ ಅರ್ಧ ಮಾತು ತಿಳಿಯಲಿಲ್ಲ. ಆದರೆ ಕಿಡ್ ಎ ಬಗ್ಗೆ ಅಣ್ಣ ಬರೆದದ್ದು ಅನ್ಯಾಯ. 2000ದಲ್ಲಿ ಬಂದ ಆಲ್ಬಂ, ಗಿಟಾರ್ ಬ್ಯಾಂಡೊಂದು ಗಿಟಾರ್ ಕೆಳಗಿಟ್ಟು ಮಾಡಿದ್ದು. ರಾತ್ರಿ ಹನ್ನೊಂದಕ್ಕೆ ಕೊನೇ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರುವಾಗ ಕಿವಿಗೆ ಹಾಕಿಕೊಳ್ಳಿ. ನವಲೂರು ದಾಟಿ ದೀಪ ಕಡಿಮೆ ಆಗುವ ಹೊತ್ತಿಗೆ ನಾಲ್ಕನೇ ಹಾಡು ಬರಬೇಕು. ಅಲ್ಲಿ ಎದ್ದು ಹೋಗಿ ಚಹಾ ಮಾಡಲು ಆಗುವುದಿಲ್ಲ, ಅದೇ ಅನುಕೂಲ.

ವಿದ್ಯಾನಗರ ಬೇಸ್

ತಮ್ಮನ ಮಾತು ಸರಿ. ಆ ಆಲ್ಬಂನ ಮೂರನೇ ಹಾಡಲ್ಲಿ ಬೇಸ್ ಒಂದೇ ಸುತ್ತು ಹಿಡಿದು ಕೊನೆಯವರೆಗೂ ಹೋಗುತ್ತದೆ, ಅಷ್ಟೇ ಸಾಕು ನನಗೆ.

ಸಪ್ತಾಪುರದವರೇ, ಆ ಕ್ಯಾಸೆಟ್ ಇನ್ನೂ ಇದೆಯಾ? ಮಾಸ್ಟರ್ ಆಫ್ ರಿಯಾಲಿಟಿ 34 ನಿಮಿಷ ಇರಬೇಕು. 45 ನಿಮಿಷದ ಬಿ ಸೈಡಿನಲ್ಲಿ ಹತ್ತು ನಿಮಿಷ ಉಳಿಯುತ್ತದಲ್ಲ, ಅಲ್ಲಿ ಏನಿತ್ತು? ಆ ಕಾಲದವರು ಖಾಲಿ ಬಿಡುತ್ತಿರಲಿಲ್ಲ.

ಸಪ್ತಾಪುರದ ಕಿವಿ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ನೋಡಿ ಅಟ್ಟ ಹತ್ತಿದೆ. ಕ್ಯಾಸೆಟ್ ಸಿಕ್ಕಿತು. ಟೇಪ್‌ರೆಕಾರ್ಡರ್ ಕೂಡ ಸಿಕ್ಕಿತು, ಆದರೆ ಆಮೇಲೆ ಹಾಕಿಸಿದ ಬೆಲ್ಟ್ ಕರಗಿ ಡಾಂಬರಿನ ಹಾಗೆ ಗಾಲಿಗೆ ಮೆತ್ತಿಕೊಂಡಿದೆ. ಕೈಗೆ ಹತ್ತಿದ ಕಪ್ಪು ಸೀಮೆಎಣ್ಣೆ ಹಾಕಿದರೂ ಪೂರ್ತಿ ಹೋಗಲಿಲ್ಲ.

ಗೆಳೆಯನೊಬ್ಬನ ಹತ್ತಿರ ಸರಿ ಇರುವ ಡೆಕ್ ಇತ್ತು, ಅದರಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಬಿ ಸೈಡ್, ಸಬಾತ್ ಮುಗಿಯಿತು. ಟಕ್ ಅಂತ ಗುಂಡಿ ಒತ್ತಿದ ಸದ್ದು. ಆಮೇಲೆ ಅವ್ವ. ಪಂಚಮಿಯ ಜೋಕಾಲಿ ಹಾಡು ಹೇಳುತ್ತಿದ್ದಾಳೆ, ಹಿಂದೆ ಕುಕ್ಕರ್ ಸೀಟಿ, ಯಾರೋ ನಗುತ್ತಿದ್ದಾರೆ, ಚಿಗವ್ವನೇ ಇರಬೇಕು. ನಾನೇ ರೆಕಾರ್ಡ್ ಮಾಡಿದ್ದೆ, ಮರೆತೇ ಹೋಗಿತ್ತು. ಆದರೆ ದನಿ ಅವ್ವನದಲ್ಲ. ಸಣ್ಣ ಹುಡುಗಿಯ ದನಿ, ಹಾಡು ಗಡಿಬಿಡಿ.

ರಿಪೇರಿ ಕಾಕಾ

ಹಾಗೇ ಆಗಬೇಕು. ಲೂಸ್ ಬೆಲ್ಟಿನಲ್ಲಿ ರೆಕಾರ್ಡ್ ಮಾಡಿದ್ದೀರಿ, ಸರಿ ಇರುವ ಮಷೀನಿನಲ್ಲಿ ಹಾಕಿದರೆ ಅದು ಏರುತ್ತದೆ. ಫ್ಲಾಯ್ಡ್‌ಗೆ ಆದದ್ದರ ಉಲ್ಟಾ. ಕಂಪ್ಯೂಟರಿನಲ್ಲಿ ವೇಗ ನೂರಕ್ಕೆ 94 ಇಡಿ, ಶ್ರುತಿ ಹಿಡಿದಿಡುವ ಗುರುತು ತೆಗೆಯಿರಿ. ಅವ್ವ ಸರಿಯಾಗುತ್ತಾರೆ. ಫ್ಲಾಯ್ಡ್‌ಗೂ ಅದೇ 94 ಹಾಕಿ, ನಿಮ್ಮ ಹಳೇ ಗಿಲ್ಮೋರ್ ವಾಪಸ್ ಬರುತ್ತಾನೆ.

ಸಪ್ತಾಪುರದ ಕಿವಿ

ಕಾಕಾ, ಎರಡೂ ಬಂದವು. ಗಿಲ್ಮೋರ್ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಭಾನುವಾರ ಅವ್ವನನ್ನು ಕೂರಿಸಿ ಎರಡೂ ಕೇಳಿಸಿದೆ. ಮೊದಲು ಏರಿದ್ದು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನೋಡು, ಆಗ ನನ್ನ ದನಿ ಎಷ್ಟು ಸಣ್ಣಗಿತ್ತು ಅಂದಳು. ಆಮೇಲೆ 94ರದ್ದು ಹಾಕಿದೆ, ಸರಿಮಾಡಿದ್ದು. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸು ಅಂದಳು.

"ಇದು ಯಾರದೋ. ಗಂಗೂಬಾಯಿಯವರ ಹಾಗೆ ಇದೆ. ನನ್ನದು ಮೊದಲಿನದು."

ಇದೇ ಖರೆ ಅವ್ವಾ, ಲೆಕ್ಕ ಹಾಕಿ ಮಾಡಿದ್ದು ಅಂದೆ. ನಿನಗೆ ಏನು ಗೊತ್ತು, ಹಾಡಿದವಳು ನಾನು ಅಂದಳು. ಮೊದಲಿನದನ್ನೇ ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದೇನೆ.